ನಮ್ಮ ಲ್ಯಾಬಿನ ಕನ್ನಡಿ ಮತ್ತು ಡಾ. ಎಂ. ವಿ. ಗೋಪಾಲಸ್ವಾಮಿ

ಕಳೆದ ತಿಂಗಳು ದ್ವಿತೀಯ ಪಿಯುಸಿ ಕಲಾ ವಿಭಾಗದವರಿಗೆ ಕನ್ನಡಿ ಪ್ರಯೋಗ ಮಾಡಿಸಿದೆ. ಪರೀಕ್ಷೆಗೆ ಬರಲಿ, ಬಿಡಲಿ, ಲ್ಯಾಬಿನಲ್ಲಿ ಕನ್ನಡಿ ಇದೆ ಎಂದ ಮೇಲೆ ನಾನು ಪ್ರತಿ ವರ್ಷ ಅದನ್ನು ಮಾಡಿಸಿಯೇ ಮಾಡಿಸುತ್ತೇನೆ. ಸೈಕಾಲಜಿ ತೆಗೆದುಕೊಂಡವರಿಗೆ ಇದು ಗೊತ್ತು, ಸೈನ್ಸ್ ಮತ್ತು ಕಾಮರ್ಸಿನವರಿಗಾಗಿ ಹೇಳುತ್ತೇನೆ. ಮೇಜಿನ ಮೇಲೆ ಜೋಡಿಗೆರೆಯ ನಕ್ಷತ್ರ ಅಚ್ಚಾದ ಒಂದು ಹಾಳೆ ಇರುತ್ತದೆ. ಅದರ ಹಿಂದೆ ನಿಲ್ಲಿಸಿದ ಕನ್ನಡಿ, ಕೈ ನೇರವಾಗಿ ಕಾಣದಂತೆ ಮೇಲೊಂದು ಮರೆ. ಕನ್ನಡಿಯೊಳಗಿನ ನಕ್ಷತ್ರವನ್ನು ಮಾತ್ರ ನೋಡುತ್ತ, ಎರಡು ಗೆರೆಗಳ ನಡುವೆ ಪೆನ್ಸಿಲ್ ಓಡಿಸಿ ಒಂದು ಸುತ್ತು ಬರಬೇಕು. ಗೆರೆ ಮುಟ್ಟಿದರೆ ಒಂದು ತಪ್ಪು. ಪಕ್ಕದಲ್ಲಿ ಕೂತ ಗೆಳತಿ ಗಡಿಯಾರ ನೋಡಿ ಎಷ್ಟು ಸೆಕೆಂಡ್ ಹಿಡಿಯಿತು ಎಂದು ಬರೆದುಕೊಳ್ಳುತ್ತಾಳೆ.

ಕೇಳಲು ಸುಲಭ. ಆದರೆ ನಕ್ಷತ್ರದ ಮೊದಲ ಮೂಲೆಗೆ ಬಂದ ಕೂಡಲೇ ಕೈ ಕೆಟ್ಟು ನಿಲ್ಲುತ್ತದೆ. ಮೇಲೆ ಹೋಗಬೇಕು ಎಂದುಕೊಂಡರೆ ಕೆಳಗೆ ಹೋಗುತ್ತದೆ. ಮಾನ್ವಿಯಿಂದ ದಿನವೂ ಬಸ್ಸಿನಲ್ಲಿ ಓಡಾಡುವ ಒಬ್ಬ ಹುಡುಗಿ ಆ ಮೂಲೆಯಲ್ಲೇ ಮೂರು ನಿಮಿಷ ಸಿಕ್ಕಿಬಿದ್ದಳು. ಸುತ್ತ ನಿಂತವರು ನಕ್ಕರು. ಅವಳು ಪೆನ್ಸಿಲ್ ಕೆಳಗಿಟ್ಟು, ತನಗೆ ಬುದ್ಧಿ ಕಡಿಮೆ ಇದೆಯಾ ಎಂದು ಮೆಲ್ಲಗೆ ಕೇಳಿದಳು.

ಆ ದಿನ ಗಂಟೆ ಹೊಡೆದಿತ್ತು, ಬಸ್ಸಿನ ಹೊತ್ತೂ ಆಗಿತ್ತು. ಅರ್ಧ ಉತ್ತರ ಕೊಟ್ಟು ಕಳಿಸಿದೆ. ಉಳಿದರ್ಧ ಇಲ್ಲಿ ಬರೆಯುತ್ತಿದ್ದೇನೆ. ಅವಳು ಕೇಳಿದ ಪ್ರಶ್ನೆಯನ್ನೇ, ಅದೇ ಕನ್ನಡಿ ಇಟ್ಟುಕೊಂಡು, ಸುಮಾರು ನೂರು ವರ್ಷದ ಹಿಂದೆ ಲಂಡನ್ನಿನಲ್ಲಿ ಕೇಳಿದವರು ನಮ್ಮ ಕರ್ನಾಟಕದವರು. ಡಾ. ಎಂ. ವಿ. ಗೋಪಾಲಸ್ವಾಮಿ.

ಹೆಸರು ಕೇಳಿದ್ದೀರಿ ಅನ್ನಿಸುತ್ತದೆ. ಸಾಮಾನ್ಯ ಜ್ಞಾನದ ಪುಸ್ತಕಗಳಲ್ಲಿ ಆಕಾಶವಾಣಿ ಎಂಬ ಹೆಸರಿನ ಎದುರು ಇವರ ಹೆಸರಿರುತ್ತದೆ, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಬಾಯಿಪಾಠ ಮಾಡುತ್ತಾರೆ. ಆದರೆ ಅವರು ಸಂಬಳಕ್ಕೆ ಮಾಡುತ್ತಿದ್ದ ಕೆಲಸ ಮನಶ್ಶಾಸ್ತ್ರದ ಪಾಠ ಎಂದರೆ ಸ್ಟಾಫ್ ರೂಮಿನಲ್ಲೂ ಕೆಲವರು ಹುಬ್ಬೇರಿಸುತ್ತಾರೆ. ನಿಮ್ಹಾನ್ಸ್‌ಗೆ ಮೂಲವಾದ ಸಂಸ್ಥೆಯ ಮೊದಲ ನಿರ್ದೇಶಕರಾಗಿದ್ದ ಡಾ. ಎಂ. ವಿ. ಗೋವಿಂದಸ್ವಾಮಿಯವರೊಂದಿಗೆ ಇವರನ್ನು ಬೆರೆಸುವವರೂ ಇದ್ದಾರೆ. ಅವರು ಬೆಂಗಳೂರಿನ ವೈದ್ಯರು, ಇವರು ಮೈಸೂರಿನ ಮೇಷ್ಟರು. ಇನಿಶಿಯಲ್ ಒಂದೇ, ಕೆಲಸ ಬೇರೆ.

ಗೋಪಾಲಸ್ವಾಮಿಯವರು ಲಂಡನ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡಿದ್ದು ಚಾರ್ಲ್ಸ್ ಸ್ಪಿಯರ್‌ಮನ್ ಅವರ ಕೈಕೆಳಗೆ. ಕಾಮರ್ಸಿನವರೇ, ಸ್ಟ್ಯಾಟಿಸ್ಟಿಕ್ಸ್ ಪೀರಿಯಡಿನಲ್ಲಿ ನೀವು ಶಾಪ ಹಾಕುತ್ತ ಲೆಕ್ಕ ಮಾಡುವ ರ‍್ಯಾಂಕ್ ಕೋರಿಲೇಷನ್ ಇದೇ ಸ್ಪಿಯರ್‌ಮನ್ ಹೆಸರಿನದು. ಈ ಮನುಷ್ಯನ ಕಥೆಯೂ ಚೆನ್ನಾಗಿದೆ. ಹದಿನಾಲ್ಕು ಹದಿನೈದು ವರ್ಷ ಬ್ರಿಟಿಷ್ ಸೈನ್ಯದಲ್ಲಿ ಅಧಿಕಾರಿಯಾಗಿದ್ದು, 1897ರಲ್ಲಿ ಕೆಲಸ ಬಿಟ್ಟು, ಜರ್ಮನಿಯ ಲೈಪ್‌ಜಿಗ್‌ಗೆ ವಿದ್ಯಾರ್ಥಿಯಾಗಿ ಹೋದವರು. 1879ರಲ್ಲಿ ವುಂಟ್ ಅವರು ಮನಶ್ಶಾಸ್ತ್ರದ ಪ್ರಯೋಗಾಲಯ ತೆರೆದದ್ದು ಅಲ್ಲೇ. ಸ್ಪಿಯರ್‌ಮನ್ ಡಾಕ್ಟರೇಟ್ ಪಡೆದಾಗ ನಲವತ್ತು ದಾಟಿತ್ತು. ಒಂದು ವರ್ಷ ಫೇಲಾಗಿ ತಡವಾಯಿತು ಎಂದು ಅಳುವವರು ಇದನ್ನು ಒಮ್ಮೆ ಓದಿಕೊಳ್ಳಿ.

1904ರಲ್ಲಿ ಸ್ಪಿಯರ್‌ಮನ್ ಒಂದು ಮಾತು ಮುಂದಿಟ್ಟರು. ಶಾಲೆಯಲ್ಲಿ ಒಂದು ವಿಷಯದಲ್ಲಿ ಮುಂದಿರುವ ಮಗು ಬೇರೆ ವಿಷಯಗಳಲ್ಲೂ ಸಾಮಾನ್ಯವಾಗಿ ಮುಂದಿರುತ್ತದೆ. ಹಾಗಾದರೆ ಎಲ್ಲದರ ಬುಡದಲ್ಲಿ ಒಂದು ಸಾಮಾನ್ಯ ಬುದ್ಧಿಶಕ್ತಿ ಇರಬೇಕು ಎಂದು ಅವರ ವಾದ. ಪುಸ್ತಕದಲ್ಲಿ ನೀವು ಓದುವ ‘ಜಿ’ ಅಂಶ ಇದೇ. ಗೋಪಾಲಸ್ವಾಮಿಯವರು ಗುರುವಿನ ಮಾತನ್ನು ಕೈಯ ಕೆಲಸಕ್ಕೆ ಹಚ್ಚಿ ನೋಡಿದರು. ಲೆಕ್ಕ, ಭಾಷೆ ಸರಿ, ಆದರೆ ಕೈ ಹೊಸ ಕೆಲಸ ಕಲಿಯುವಾಗ ಬುದ್ಧಿಯ ಪಾಲು ಎಷ್ಟು? ಅದಕ್ಕೆ ಅವರು ಆರಿಸಿಕೊಂಡದ್ದು ಕನ್ನಡಿಯಲ್ಲಿ ನೋಡಿ ಗೆರೆ ಎಳೆಯುವ ಕೆಲಸ. ಇದರ ಮೇಲಿನ ಅವರ ಲೇಖನ 1924ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಸೈಕಾಲಜಿಯಲ್ಲಿ ಅಚ್ಚಾಯಿತು.

ಕನ್ನಡಿಯನ್ನೇ ಏಕೆ ಆರಿಸಬೇಕು ಎಂಬುದು ಒಳ್ಳೆಯ ಪ್ರಶ್ನೆ. ಯಾಕೆಂದರೆ ಇಲ್ಲಿ ಎಲ್ಲರೂ ಹೊಸಬರು. ಓದಿದವರು, ಓದದವರು, ಊರಿನವರು, ಹಳ್ಳಿಯವರು, ಯಾರಿಗೂ ಕನ್ನಡಿಯಲ್ಲಿ ನೋಡಿ ಬರೆದು ಅಭ್ಯಾಸವಿಲ್ಲ. ಕಣ್ಣು ಒಂದು ಹೇಳುತ್ತದೆ, ವರ್ಷಗಟ್ಟಲೆ ರೂಢಿಯಾದ ಕೈ ಇನ್ನೊಂದು ಮಾಡುತ್ತದೆ. ಹಳೆಯ ರೂಢಿ ಬಲವಾಗಿದ್ದಷ್ಟೂ ಕೈ ಆ ಮೂಲೆಯಲ್ಲಿ ಜಾಸ್ತಿ ತೊಳಲಾಡುತ್ತದೆ. ಮಾನ್ವಿಯ ಹುಡುಗಿಗೆ ನಾನು ಆ ದಿನ ಹೇಳಿದ ಅರ್ಧ ಉತ್ತರ ಇಷ್ಟೇ.

ಲಂಡನ್ನಿನಿಂದ ಬಂದ ಗೋಪಾಲಸ್ವಾಮಿಯವರಿಗೆ ಮೈಸೂರಿನಲ್ಲಿ ಜಾಗ ಸಿದ್ಧವಾಗಿತ್ತು. ಅದಕ್ಕೆ ಕಾರಣ ಇನ್ನೊಬ್ಬರು ದೊಡ್ಡ ಮನುಷ್ಯರು, ಬ್ರಜೇಂದ್ರನಾಥ ಸೀಲ್. ಕಲ್ಕತ್ತ ವಿಶ್ವವಿದ್ಯಾಲಯಕ್ಕೆ ಪ್ರಯೋಗಗಳಿರುವ ಮನಶ್ಶಾಸ್ತ್ರದ ಪಠ್ಯಕ್ರಮವನ್ನು 1905ರಲ್ಲೇ ರೂಪಿಸಿದವರು ಅವರು. ಅದರಿಂದ ಮುಂದೆ 1916ರ ಹೊತ್ತಿಗೆ ಕಲ್ಕತ್ತದಲ್ಲಿ ದೇಶದ ಮೊದಲ ಮನಶ್ಶಾಸ್ತ್ರ ವಿಭಾಗ ಶುರುವಾಯಿತು. ಅಮೆರಿಕದ ಹಾರ್ವರ್ಡ್‌ನಲ್ಲಿ ಕಲಿತು ಬಂದ ನರೇಂದ್ರನಾಥ ಸೇನ್‌ಗುಪ್ತ ಅದರ ಮುಖ್ಯಸ್ಥರಾದರು. ಇದೇ ಸೀಲ್ ಅವರು 1921ರಿಂದ 1930ರವರೆಗೆ ಮೈಸೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದರು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲ. 1924ರಲ್ಲಿ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ವಿಭಾಗ ಆರಂಭವಾಯಿತು, ಗೋಪಾಲಸ್ವಾಮಿ ಅದರ ಮುಖ್ಯಸ್ಥರು. ಕಲ್ಕತ್ತದ ನಂತರ ಇಡೀ ದೇಶದಲ್ಲಿ ಎರಡನೆಯದು.

ಅದುವರೆಗೆ ನಮ್ಮ ಕಾಲೇಜುಗಳಲ್ಲಿ ಮನಸ್ಸಿನ ಪಾಠ ಎಂದರೆ ತತ್ತ್ವಶಾಸ್ತ್ರದ ಮೇಷ್ಟರು ಕುರ್ಚಿಯಲ್ಲಿ ಕೂತು ಹೇಳುವ ಪಾಠ. ಗೋಪಾಲಸ್ವಾಮಿಯವರು ಅದಕ್ಕೆ ಲ್ಯಾಬ್ ತಂದರು. ಮನುಷ್ಯರ ಮೇಲಿನ ಪ್ರಯೋಗವಷ್ಟೇ ಅಲ್ಲ, ಪ್ರಾಣಿಗಳ ಕಲಿಕೆ ನೋಡುವ ಲ್ಯಾಬನ್ನೂ ಕಟ್ಟಿದರು. ಅಂಥದ್ದು ಭಾರತದಲ್ಲಿ ಅದೇ ಮೊದಲು ಎಂದು ಈ ವಿಷಯದ ಚರಿತ್ರೆ ಬರೆದವರು ಹೇಳುತ್ತಾರೆ. ಬಿ.ಎ. ಓದಲು ಬಂದ ಹುಡುಗರಿಗೆ ಪುಸ್ತಕದ ಜೊತೆ ಗಡಿಯಾರ, ಕನ್ನಡಿ, ಲೆಕ್ಕದ ಹಾಳೆ ಸಿಕ್ಕವು. ನಮ್ಮಲ್ಲಿ ಇಂದಿಗೂ ಸೈಕಾಲಜಿಗೆ ರೆಕಾರ್ಡ್ ಬುಕ್ ಯಾಕೆ ಮೇಡಂ, ಇದೇನು ಸೈನ್ಸಾ ಎಂದು ಗೊಣಗುವವರಿಗೆ ಉತ್ತರ ಆ 1924ರಲ್ಲಿದೆ.

ಆ ಹೊತ್ತಿನಲ್ಲಿ ನಮ್ಮ ರಾಯಚೂರು ಮೈಸೂರಿನ ಕಡೆ ಮುಖ ಮಾಡಿರಲಿಲ್ಲ. ರಾಯಚೂರು, ದೇವದುರ್ಗ, ಮಾನ್ವಿ ಎಲ್ಲ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ದೇವದುರ್ಗದಲ್ಲಿ ಹುಟ್ಟಿದ ನಮ್ಮ ನಾನಾ ಶಾಲೆ ಕಲಿತದ್ದು ಉರ್ದುವಿನಲ್ಲಿ. ಮುಂದೆ ಓದುವವರಿಗೆ ಹೈದರಾಬಾದಿನ ಉಸ್ಮಾನಿಯಾ ಇತ್ತು. 1918ರಲ್ಲಿ ಶುರುವಾದ ಆ ವಿಶ್ವವಿದ್ಯಾಲಯದ ಪಾಠವೆಲ್ಲ ಉರ್ದುವಿನಲ್ಲಿ, ಅದಕ್ಕಾಗಿ ಪುಸ್ತಕಗಳನ್ನು ಅನುವಾದಿಸುವ ದೊಡ್ಡ ಕಚೇರಿಯೇ ಇತ್ತು. ಅಲ್ಲಿ ಸ್ವಲ್ಪ ಕಾಲ ಕೆಲಸ ಮಾಡಿದ ಅಬ್ದುಲ್ ಮಾಜಿದ್ ದರಿಯಾಬಾದಿಯವರು 1914ರಲ್ಲೇ ಫಲ್ಸಫಾ-ಎ-ಜಜ್ಬಾತ್ ಎಂಬ ಪುಸ್ತಕ ಬರೆದಿದ್ದರು, ಮನುಷ್ಯನ ಭಾವನೆಗಳ ಬಗ್ಗೆ. ನಾನು ಡಿಗ್ರಿಗೆ ಸೈಕಾಲಜಿ ತೆಗೆದುಕೊಂಡೆ ಎಂದಾಗ ಮನೆಯಲ್ಲಿ ಎಲ್ಲರೂ ಹುಚ್ಚರ ಓದು ಎಂದರು. ನಾನಾ ಒಬ್ಬರೇ ಅದನ್ನು ನಫ್ಸಿಯಾತ್ ಎಂದು ಕರೆದು, ಹೋಗಲಿ ಬಿಡಿ, ಓದಲಿ ಎಂದರು. ಅವರ ಆ ಒಂದು ಪದದಿಂದ ನನ್ನ ಅಡ್ಮಿಷನ್ ಆಯಿತು.

ಈಗ ಗೋಪಾಲಸ್ವಾಮಿಯವರ ಇನ್ನೊಂದು ಕೆಲಸಕ್ಕೆ ಬರುತ್ತೇನೆ. ನನಗೆ ಅವರ ಜೀವನದಲ್ಲಿ ಬಹಳ ಮುಖ್ಯ ಅನ್ನಿಸುವುದು ಇದೇ. ರೇಡಿಯೋ ಅಲ್ಲ.

ಬುದ್ಧಿ ಅಳೆಯುವ ಪರೀಕ್ಷೆಗಳು ಆಗ ಯುರೋಪ್, ಅಮೆರಿಕದಲ್ಲಿ ಹೊಸದಾಗಿ ಬಂದಿದ್ದವು. ಮೊದಲನೆಯದನ್ನು 1905ರಲ್ಲಿ ಪ್ಯಾರಿಸ್‌ನಲ್ಲಿ ಆಲ್‌ಫ್ರೆಡ್ ಬಿನೆ ಮಾಡಿದ್ದು, ಶಾಲೆಯಲ್ಲಿ ಯಾವ ಮಕ್ಕಳಿಗೆ ಹೆಚ್ಚಿನ ಸಹಾಯ ಬೇಕು ಎಂದು ಕಂಡುಕೊಳ್ಳಲು. ಅದೇ ಪರೀಕ್ಷೆ ಇಂಗ್ಲಿಷಿಗೆ ಹೋಗಿ, ಮಕ್ಕಳಿಗೆ ನಂಬರ್ ಹಚ್ಚುವ ಸಾಧನವಾಯಿತು. ಅದನ್ನು ತಂದು ಮೈಸೂರಿನ ಮಗುವಿನ ಮುಂದೆ ಹಾಗೇ ಇಟ್ಟರೆ ಏನಾಗುತ್ತದೆ? ಮಗು ನೋಡದ ವಸ್ತುವಿನ ಚಿತ್ರ, ಕೇಳದ ಮಾತು, ಇಲ್ಲದ ಪದ್ಧತಿ. ಮಗು ತಪ್ಪು ಹೇಳಿದರೆ ಆ ತಪ್ಪು ಮಗುವಿನದೋ ಪ್ರಶ್ನೆಯದೋ? ಸ್ಪಿಯರ್‌ಮನ್ ಬಳಿ ಕಲಿತು ಬಂದ ಗೋಪಾಲಸ್ವಾಮಿಯವರು ಪಶ್ಚಿಮದ ಆ ಪರೀಕ್ಷೆಗಳನ್ನು ಇಲ್ಲಿಯವರಿಗೆ ಹೊಂದುವಂತೆ ಮಾರ್ಪಡಿಸುವ ಕೆಲಸಕ್ಕೆ ಕೈಹಾಕಿದ ಮೊದಲಿಗರಲ್ಲಿ ಒಬ್ಬರು. ಅದೇ ಕಾಲದಲ್ಲಿ ಧಾರವಾಡದ ಕಡೆ ವಿ. ವಿ. ಕಾಮತ್ ಅವರು ಬಿನೆ ಪರೀಕ್ಷೆಯನ್ನು ಕನ್ನಡ, ಮರಾಠಿ ಮಕ್ಕಳಿಗೆ ಹೊಂದಿಸಿದರು, ಅವರ ಪುಸ್ತಕ 1940ರಲ್ಲಿ ಬಂತು. ಪರೀಕ್ಷೆ ಹೊಂದಿಸುವುದು ಎಂದರೆ ಪದ ಬದಲಿಸಿ ಅನುವಾದ ಮಾಡುವುದಲ್ಲ. ಪ್ರತಿ ಪ್ರಶ್ನೆಯನ್ನೂ ಇಲ್ಲಿಯ ನೂರಾರು ಮಕ್ಕಳಿಗೆ ಕೇಳಿ, ಯಾವ ವಯಸ್ಸಿನವರು ಎಷ್ಟು ಮಂದಿ ಸರಿ ಹೇಳುತ್ತಾರೆ ನೋಡಿ, ಬಹಳ ಕಷ್ಟವಾದದ್ದನ್ನು ಮೇಲಿನ ವಯಸ್ಸಿಗೆ ಏರಿಸಿ, ಅರ್ಥವಿಲ್ಲದ್ದನ್ನು ಕಿತ್ತುಹಾಕಿ, ಮತ್ತೆ ಕೇಳಬೇಕು. ಬೇಸರ ಹಿಡಿಸುವ ಕೆಲಸ, ಹೆಸರು ಬರುವ ಕೆಲಸವೂ ಅಲ್ಲ.

ಇದನ್ನು ಇಷ್ಟು ಉದ್ದ ಬರೆಯಲು ಕಾರಣವಿದೆ. ನಾನು ಬಿ.ಎ. ಮುಗಿಸಿದ ವರ್ಷ ಮಾನ್ವಿಯ ಒಂದು ಸಣ್ಣ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಸೈಕಾಲಜಿ ಓದಿದವಳು ಎಂದು ಅಲ್ಲಿ ನನಗೆ ಸ್ವಲ್ಪ ಗೌರವ ಇತ್ತು, ನನಗೂ ಸ್ವಲ್ಪ ಜಂಬ ಇತ್ತು. ಆರನೇ ಕ್ಲಾಸಿನ ಒಬ್ಬ ಹುಡುಗ ಓದಿನಲ್ಲಿ ಹಿಂದೆ. ಮನೆಯಲ್ಲಿ ನಮ್ಮ ದಖನಿ ಉರ್ದು, ಶಾಲೆಯಲ್ಲಿ ಕನ್ನಡ. ನನ್ನ ಹತ್ತಿರ ಎಲ್ಲಿಂದಲೋ ಜೆರಾಕ್ಸ್ ಮಾಡಿಸಿದ ಒಂದು ಬುದ್ಧಿ ಪರೀಕ್ಷೆ ಇತ್ತು. ಯಾರ ಮೇಲೆ, ಎಲ್ಲಿ, ಯಾವಾಗ ಹೊಂದಿಸಿದ್ದು ಎಂದು ಅದರ ಮೇಲೆ ಬರೆದಿರಲಿಲ್ಲ, ನಾನೂ ಕೇಳಲಿಲ್ಲ. ಒಂದು ಮಧ್ಯಾಹ್ನ ಅವನನ್ನು ಕೂರಿಸಿಕೊಂಡು ಎಲ್ಲ ಪ್ರಶ್ನೆ ಕೇಳಿದೆ. ಕೂಡಿ ಭಾಗಿಸಿದಾಗ 74 ಬಂತು. ಅವನ ಅಬ್ಬಾ ಮಂಡಿಯಲ್ಲಿ ಹಮಾಲಿ ಮಾಡುತ್ತಿದ್ದರು. ಅವರು ಬಂದಾಗ ಆ ನಂಬರನ್ನು ಹೇಳಿದೆ. ನೂರಕ್ಕೆ ಇಷ್ಟು ಇರಬೇಕು, ಇವನದು ಇಷ್ಟು ಎಂದು ವಿವರಿಸಿದೆ ಕೂಡ. ಅವರು ತಲೆ ಅಲ್ಲಾಡಿಸಿ, ಸಲಾಂ ಹೇಳಿ ಹೋದರು. ಮುಂದಿನ ಜೂನ್‌ನಲ್ಲಿ ಹುಡುಗ ಶಾಲೆಗೆ ಬರಲಿಲ್ಲ. ಗ್ಯಾರೇಜಿಗೆ ಹಚ್ಚಿದ್ದಾರೆ ಎಂದು ಗೊತ್ತಾಯಿತು. ತಲೆ ಇಲ್ಲದವನನ್ನು ಓದಿಸಿ ಏನು ಮಾಡುವುದು ಎಂದರಂತೆ.

ಮೂರು ವರ್ಷ ಓದಿ ನಾನು ಕಲಿತದ್ದು ಕೂಡುವುದು, ಭಾಗಿಸುವುದು. ಆ ಪರೀಕ್ಷೆ ಯಾವ ಮಕ್ಕಳಿಗಾಗಿ ಮಾಡಿದ್ದು ಎಂದು ಕೇಳುವುದನ್ನು ಕಲಿತಿರಲಿಲ್ಲ. ಹಾಗೆಂದು ಪುಸ್ತಕದಲ್ಲಿ ಬರೆದಿರಲಿಲ್ಲ ಎಂದಲ್ಲ, ಬರೆದಿತ್ತು. ಪ್ರಮಾಣೀಕರಣ ಎಂಬ ಪಾಠ, ಎರಡು ಅಂಕದ ಪ್ರಶ್ನೆಗೆ ಬಾಯಿಪಾಠ ಮಾಡಿದ್ದೆ.

ಮೈಸೂರಿಗೆ ಮರಳುತ್ತೇನೆ. 1935ರ ಸೆಪ್ಟೆಂಬರ್ 10ರಂದು ಗೋಪಾಲಸ್ವಾಮಿಯವರು ತಮ್ಮ ಮನೆ ವಿಠಲ ವಿಹಾರದಿಂದ ಒಂದು ಸಣ್ಣ ರೇಡಿಯೋ ಕೇಂದ್ರ ಶುರುಮಾಡಿದರು. ಸರ್ಕಾರದ್ದಲ್ಲ, ಸ್ವಂತದ್ದು. ಕೈಯಿಂದ ದುಡ್ಡು ಹಾಕಿ ನಡೆಸಿದರು. ಹಗಲು ಕಾಲೇಜಿನಲ್ಲಿ ಪಾಠ, ಅದರ ಜೊತೆಗೆ ಮನೆಯಲ್ಲಿ ಪ್ರಸಾರ. ಭಾಷಣ, ಸಂಗೀತ ಎಲ್ಲ ಇರುತ್ತಿತ್ತು, ಮೈಸೂರಿನ ವಿದ್ವಾಂಸರು, ಕಲಾವಿದರು ಅಲ್ಲಿಗೆ ಬರುತ್ತಿದ್ದರು. ಅದೇ ಕಾಲೇಜಿನ ಅಧ್ಯಾಪಕರಾಗಿದ್ದ, ಅನರ್ಥಕೋಶ ಬರೆದ ನಾ. ಕಸ್ತೂರಿ ಅವರ ಜೊತೆಗಾರರು. ಕೇಂದ್ರಕ್ಕೆ ಇಟ್ಟ ಹೆಸರು ಆಕಾಶವಾಣಿ. ಹೆಸರು ಹೊಳೆದದ್ದು ಕಸ್ತೂರಿಯವರಿಗೆ ಎಂದೂ ಕೆಲವರು ಬರೆದಿದ್ದಾರೆ. ಯಾರಿಗೇ ಹೊಳೆದಿರಲಿ, ಇಟ್ಟು ನಡೆಸಿದ್ದು ಆ ಮನೆಯಲ್ಲಿ.

ಒಬ್ಬ ಮನಶ್ಶಾಸ್ತ್ರದ ಪ್ರೊಫೆಸರ್‌ಗೆ ರೇಡಿಯೋ ಯಾಕೆ ಬೇಕಾಯಿತು? ನನ್ನ ಊಹೆ ಹೇಳುತ್ತೇನೆ, ಒಪ್ಪದವರು ಬಿಡಬಹುದು. ಆ ಕಾಲದಲ್ಲಿ ಕಾಲೇಜು ಮೆಟ್ಟಿಲು ಹತ್ತುವವರು ಊರಿಗೆ ನಾಲ್ಕು ಮಂದಿ. ಉಳಿದವರಿಗೆ ಓದಲು ಬರುವುದಿಲ್ಲ, ಕೇಳಲು ಬರುತ್ತದೆ. ಕಿವಿಯಿಂದ ಕಲಿಯುವವರಿಗೆ ಕಿವಿಯ ದಾರಿಯಲ್ಲೇ ಕೊಡಬೇಕು ಎಂದು ಕಲಿಕೆಯ ಬಗ್ಗೆ ಯೋಚಿಸಿದವರಿಗೆ ಹೊಳೆಯುವುದು ಸಹಜ.

ಆರೇಳು ವರ್ಷ ಹೀಗೆ ನಡೆಸಿದ ಮೇಲೆ, 1940ರ ದಶಕದ ಆರಂಭದಲ್ಲಿ, ಕೇಂದ್ರವನ್ನು ಮೈಸೂರು ಸಂಸ್ಥಾನ ವಹಿಸಿಕೊಂಡಿತು. ನಮ್ಮ ಕಡೆ ಅದೇ ಕಾಲದಲ್ಲಿ ಹೈದರಾಬಾದಿನ ಡೆಕ್ಕನ್ ರೇಡಿಯೋ ಕೇಳುತ್ತಿದ್ದರು. ಸ್ವಾತಂತ್ರ್ಯ ಬಂದ ಮೇಲೆ ಎರಡೂ ಆಲ್ ಇಂಡಿಯಾ ರೇಡಿಯೋದೊಳಗೆ ಸೇರಿದವು. 1950ರ ದಶಕದ ಕೊನೆಯಲ್ಲಿ ಇಡೀ ದೇಶದ ರೇಡಿಯೋಗೆ ಆಕಾಶವಾಣಿ ಎಂಬ ಹೆಸರು ನಿಂತಿತು. ಈಗ ನಮ್ಮ ರಾಯಚೂರಿನ ಕೇಂದ್ರವೂ ಅದೇ ಹೆಸರಿನಲ್ಲಿ ಮಾತು ಶುರುಮಾಡುತ್ತದೆ.

ಗೋಪಾಲಸ್ವಾಮಿಯವರು ಮುಂದೆ ಮಹಾರಾಜ ಕಾಲೇಜಿನ ಪ್ರಿನ್ಸಿಪಾಲರೂ ಆದರು. ಅವರ ವಿಭಾಗದ ಮುಂದಿನ ತಲೆಮಾರಿನಲ್ಲಿ ಬಿ. ಕುಪ್ಪುಸ್ವಾಮಿಯವರು ಪ್ರೊಫೆಸರ್ ಆಗಿದ್ದರು. ಕುಟುಂಬದ ಓದು, ಉದ್ಯೋಗ, ವರಮಾನ ನೋಡಿ ಸ್ಥಿತಿಗತಿ ಅಳೆಯುವ ಕುಪ್ಪುಸ್ವಾಮಿ ಮಾಪಕವನ್ನು ಮೆಡಿಕಲ್, ನರ್ಸಿಂಗ್ ವಿದ್ಯಾರ್ಥಿಗಳು ಇಂದಿಗೂ ಮನೆಮನೆಗೆ ಹೋಗಿ ತುಂಬುತ್ತಾರೆ. ಅದರಲ್ಲಿನ ವರಮಾನದ ಅಂಕಿಗಳನ್ನು ಬೆಲೆ ಏರಿದಂತೆಲ್ಲ ಬದಲಿಸುತ್ತಲೇ ಇರುತ್ತಾರೆ. ಒಮ್ಮೆ ಮಾಡಿದ ಅಳತೆಗೋಲು ಎಲ್ಲ ಕಾಲಕ್ಕೂ ನಡೆಯುವುದಿಲ್ಲ ಎಂದು ಇದಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆ ನನಗೆ ಕ್ಲಾಸಿನಲ್ಲಿ ಸಿಕ್ಕಿಲ್ಲ.

1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆ ಹೈದರಾಬಾದ್ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಗೋಪಾಲಸ್ವಾಮಿಯವರು ತೀರಿಕೊಂಡದ್ದು 1957ರಲ್ಲಿ. ಅಂದರೆ ಅವರೂ ನಮ್ಮ ನಾನಾ ಅವರೂ ಒಂದೇ ರಾಜ್ಯದವರಾಗಿದ್ದದ್ದು ಹೆಚ್ಚೆಂದರೆ ಒಂದು ವರ್ಷ.

ಪಿಯುಸಿ ಆದ ಮೇಲೆ ಸೈಕಾಲಜಿಯಲ್ಲೇ ಮುಂದೆ ಹೋಗಬೇಕು ಎನ್ನುವವರು ಪ್ರತಿ ವರ್ಷ ನಾಲ್ಕೈದು ಮಂದಿ ನನ್ನ ಹತ್ತಿರ ಬರುತ್ತಾರೆ, ಹೆಚ್ಚಿನವರು ಹುಡುಗಿಯರು. ಜೊತೆಗೆ ಬಂದ ಅಮ್ಮಂದಿರು ಇದು ಓದಿದರೆ ಮನಸ್ಸಿನಲ್ಲಿ ಇರುವುದು ಗೊತ್ತಾಗುತ್ತದಾ ಎಂದು ಕೇಳುತ್ತಾರೆ. ಗೊತ್ತಾಗುವುದಿಲ್ಲ ಎಂದು ಹೇಳುತ್ತೇನೆ, ಅವರಿಗೆ ಸ್ವಲ್ಪ ನಿರಾಸೆಯಾಗುತ್ತದೆ. ಬಿ.ಎ.ಯಲ್ಲಿ ಕಲಿಸುವುದು ಕಲಿಕೆ, ನೆನಪು, ಗ್ರಹಿಕೆ, ಮಗುವಿನ ಬೆಳವಣಿಗೆ, ಗುಂಪಿನಲ್ಲಿ ಮನುಷ್ಯ ಹೇಗೆ ನಡೆದುಕೊಳ್ಳುತ್ತಾನೆ, ಮನಸ್ಸಿನ ಕಾಯಿಲೆಗಳ ಪರಿಚಯ. ಇವುಗಳ ಜೊತೆ ಲೆಕ್ಕ, ಪ್ರಯೋಗ. ಲೆಕ್ಕಕ್ಕೆ ಹೆದರಿ ಆರ್ಟ್ಸ್ ತೆಗೆದುಕೊಂಡವರು ಇದನ್ನು ಮೊದಲೇ ತಿಳಿದಿರಲಿ. ಎಲ್ಲ ಡಿಗ್ರಿ ಕಾಲೇಜುಗಳಲ್ಲೂ ಈ ವಿಷಯ ಇರುವುದಿಲ್ಲ, ಫಾರ್ಮ್ ತುಂಬುವ ಮುಂಚೆ ಕೇಳಿಕೊಳ್ಳಿ. ಬಿ.ಎ. ಒಂದರಿಂದಲೇ ಯಾರೂ ಡಾಕ್ಟರ್ ಆಗುವುದಿಲ್ಲ. ಔಷಧ ಬರೆಯುವ ಮನೋವೈದ್ಯರಾಗಲು ಎಂ.ಬಿ.ಬಿ.ಎಸ್. ಮಾಡಿ ಮೇಲೆ ಓದಬೇಕು. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಬೋರ್ಡ್ ಹಾಕಲು ಅದಕ್ಕೆಂದೇ ಇರುವ ತರಬೇತಿ ಮುಗಿಸಿ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಆಗಬೇಕು. ಯಾರದಾದರೂ ಜೆರಾಕ್ಸ್ ಹಾಳೆ ಹಿಡಿದು ನಂಬರ್ ಹೇಳುವುದಕ್ಕಂತೂ ಬಿ.ಎ. ಪರವಾನಗಿ ಅಲ್ಲ. ಇದನ್ನು ಹೇಳುವಾಗ ನನ್ನ ದನಿ ಸ್ವಲ್ಪ ಜೋರಾಗುತ್ತದೆ ಎಂದು ಹಳೆಯ ವಿದ್ಯಾರ್ಥಿಗಳು ನಗುತ್ತಾರೆ. ಯಾಕೆ ಎಂದು ಇಲ್ಲಿಯವರೆಗೆ ಅವರಿಗೆ ಹೇಳಿರಲಿಲ್ಲ.

ಆ ಹುಡುಗನನ್ನು ನಾನು ಎರಡು ವರ್ಷದ ಹಿಂದೆ ನೋಡಿದೆ. ಮಾನ್ವಿಯಲ್ಲಿ ನನ್ನ ಸ್ಕೂಟಿ ನಿಂತುಹೋಯಿತು, ತಳ್ಳಿಕೊಂಡು ಹೋದ ಗ್ಯಾರೇಜ್ ಅವನದೇ. ಈಗ ಅವನ ಕೈಕೆಳಗೆ ಮೂರು ಹುಡುಗರು. ಇಂಜಿನ್ನಿನ ಶಬ್ದವನ್ನು ಒಂದು ನಿಮಿಷ ಕೇಳಿ, ಒಂದೇ ಒಂದು ನಟ್ಟು ಬಿಚ್ಚಿ ಸರಿಮಾಡಿದ. ಮೇಡಂ ನಿಮ್ಮ ಹತ್ತಿರ ದುಡ್ಡು ತಗೊಳ್ಳಲ್ಲ ಎಂದ. ಬಿಲ್ ಬುಕ್ಕಿನಲ್ಲಿ ಬರೆಯುವ ಕೆಲಸಕ್ಕೆ ಮಾತ್ರ ಅವನು ಪಕ್ಕದ ಹುಡುಗನನ್ನು ಕರೆಯುತ್ತಿದ್ದ.

ಮತ್ತೆ ಆ ಹುಡುಗಿ. ಮರುವಾರದ ಪ್ರಾಕ್ಟಿಕಲ್‌ಗೆ ಅವಳು ತಾನಾಗಿಯೇ ಕನ್ನಡಿ ಮುಂದೆ ಬಂದು ಕೂತಳು. ಎಡಗೈಯಲ್ಲಿ ಆರು ಸಲ ಅಭ್ಯಾಸ, ಆಮೇಲೆ ಬಲಗೈ. ಒಂದು ಕೈ ಕಲಿತದ್ದರಲ್ಲಿ ಸ್ವಲ್ಪ ಇನ್ನೊಂದು ಕೈಗೂ ದಾಟುತ್ತದೆ ಎಂದು ತೋರಿಸುವ ಪ್ರಯೋಗ ಅದು. ಮೊದಲ ವಾರ ಅವಳ ಬಲಗೈ ಸುತ್ತು ಬರಲು 248 ಸೆಕೆಂಡ್, 31 ತಪ್ಪು. ಎಡಗೈ ಅಭ್ಯಾಸದ ನಂತರ ಅದೇ ಬಲಗೈ 96 ಸೆಕೆಂಡ್, 9 ತಪ್ಪು. ಎರಡನ್ನೂ ರೆಕಾರ್ಡ್ ಬುಕ್ಕಿನಲ್ಲಿ ಬರೆದು ತಂದಳು. ತೀರ್ಮಾನ ಎಂಬ ಜಾಗದಲ್ಲಿ ತನ್ನ ಬುದ್ಧಿಯ ಬಗ್ಗೆ ಒಂದು ಸಾಲು ಬರೆದು, ಮತ್ತೆ ತಾನೇ ಹೊಡೆದುಹಾಕಿದ್ದಳು. ಒಬ್ಬಳ ಮೇಲೆ ಒಂದೇ ಸಲ ಮಾಡಿದ್ದರಿಂದ ಅದನ್ನು ಹೇಳಲು ಬರುವುದಿಲ್ಲ ಎಂದು ಕೆಳಗೆ ಬರೆದಿದ್ದಳು. ನಾನು ಸಹಿ ಹಾಕಿದೆ.